ಆ ಮಾತು ಯಾರ ಕಿವಿಗೆ?

ಎಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ಸುಳ್ಳುಗಾರನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಅವನು ಎಲ್ಲೂ ಹುಟ್ಟಿದವನಲ್ಲ, ಎಲ್ಲೂ ಬಾಳಿದವನಲ್ಲ. ಕೆಲವು ಬರಹಗಾರರು ಒಂದು ಕೋಣೆಯಲ್ಲಿ ಕೂತು ಕಟ್ಟಿದ ಆಸಾಮಿ. ಆದರೂ ಅವನು ಆಡಿದ ಒಂದು ಸಾಲು ಮನಸ್ಸಿನಿಂದ ಬಂದದ್ದೋ ಬರೀ ನಾಟಕವೋ ಅಂತ ನಾನೂ ನನ್ನ ಗೆಳೆಯನೂ ವರ್ಷಗಟ್ಟಲೆ ಜಗಳ ಆಡಿದ್ದೇವೆ. ಒಂದು ಸಲ ಅದು ಮಾತು ಬಿಡುವವರೆಗೂ ಹೋಗಿತ್ತು. ಆಗ ಇಬ್ಬರಿಗೂ ಮದುವೆ, ಮಕ್ಕಳು ಎಲ್ಲ ಆಗಿತ್ತು. ಹುಡುಗಾಟದ ವಯಸ್ಸು ಅಂತ ಹೇಳಿಕೊಳ್ಳುವ ಹಾಗೂ ಇಲ್ಲ.

ಆಸಾಮಿಯ ಹೆಸರು ಬೆನ್ ಲೈನಸ್. 'ಲಾಸ್ಟ್' ಅನ್ನುವ ಅಮೆರಿಕದ ಧಾರಾವಾಹಿಯ ಪಾತ್ರ. 2004ರಿಂದ 2010ರವರೆಗೆ ಎಬಿಸಿ ವಾಹಿನಿಯಲ್ಲಿ ಆರು ಸೀಸನ್ ಬಂತು. ವಿಮಾನ ಬಿದ್ದು ಒಂದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ. ನೋಡದೆ ಇರುವವರಿಗೆ ಈಗಲೇ ಹೇಳಿಬಿಡುತ್ತೇನೆ, ಗುಟ್ಟುಗಳನ್ನೆಲ್ಲ ಬಿಚ್ಚಿಡುವವನಿದ್ದೇನೆ. ಇಷ್ಟು ವರ್ಷ ನಿಮಗಾಗಿ ಕಾದದ್ದು ಸಾಕು.

ಬೆನ್ ಮೊದಲು ಕಾಣಿಸಿಕೊಂಡದ್ದು 2006ರ ಫೆಬ್ರವರಿಯಲ್ಲಿ, ಎರಡನೇ ಸೀಸನ್ನಿನ ನಡುವೆ. ಕಾಡಿನಲ್ಲಿ ಬಲೆಗೆ ಬಿದ್ದು ನೇತಾಡುತ್ತಿರುತ್ತಾನೆ. ತನ್ನ ಹೆಸರು ಹೆನ್ರಿ ಗೇಲ್ ಅನ್ನುತ್ತಾನೆ. ಮಿನೆಸೋಟಾದವನಂತೆ. ಬಲೂನಿನಲ್ಲಿ ಹಾರುವಾಗ ಈ ದ್ವೀಪಕ್ಕೆ ಬಿದ್ದನಂತೆ. ಜೊತೆಗಿದ್ದ ಹೆಂಡತಿ ತೀರಿಕೊಂಡಳಂತೆ, ಇವನೇ ಹೂಳಿದನಂತೆ. ಅವನನ್ನು ವಿಚಾರಿಸುವವನು ಸಯೀದ್. ಹಿಂದೆ ಇರಾಕಿನ ಸೈನ್ಯದಲ್ಲಿ ಕೈದಿಗಳ ಬಾಯಿ ಬಿಡಿಸುವ ಕೆಲಸ ಮಾಡಿದವನು. ಅವನು ಕೇಳುವ ಪ್ರಶ್ನೆ ನೋಡಿ. ಗುಂಡಿ ಎಷ್ಟು ಆಳ ತೋಡಿದೆ? ಎಷ್ಟು ಸಲ ಮಣ್ಣು ಎತ್ತಿ ಹಾಕಿದೆ? ಹೆನ್ರಿ ತಡವರಿಸುತ್ತಾನೆ, ನೆನಪಿಲ್ಲ ಅನ್ನುತ್ತಾನೆ. ಸಯೀದನಿಗೆ ಅಷ್ಟು ಸಾಕು. ಸ್ವಲ್ಪ ದಿನದ ಹಿಂದೆ ಅವನೇ ತಾನು ಪ್ರೀತಿಸಿದವಳನ್ನು ಮಣ್ಣು ಮಾಡಿ ಬಂದಿದ್ದಾನೆ. ಆ ಲೆಕ್ಕ ಯಾರಿಗೂ ಮರೆಯುವುದಿಲ್ಲ ಅಂತ ಅವನಿಗೆ ಗೊತ್ತು.

ಇಲ್ಲಿಯವರೆಗೆ ಒಪ್ಪಬಹುದು. ಆದರೆ ಅದೇ ಕಂತಿನ ಕೊನೆಯಲ್ಲಿ ಸಯೀದ್ ಇನ್ನೊಂದು ಕಾರಣ ಕೊಡುತ್ತಾನೆ. ಆ ಕೈದಿಯನ್ನು ಅಷ್ಟು ಹೊಡೆದರೂ ತನಗೆ ತಪ್ಪು ಮಾಡಿದೆ ಅನ್ನಿಸುತ್ತಿಲ್ಲ, ಆದ್ದರಿಂದ ಅವನು ಸುಳ್ಳುಗಾರನೇ ಅನ್ನುತ್ತಾನೆ. ಎಂಥ ಸಾಕ್ಷಿ ಅಲ್ವಾ! ಆರೋಪಿಯ ಬಾಯಲ್ಲಿ ಸಿಗದ ಪುರಾವೆ ತೀರ್ಪು ಕೊಡುವವನ ಎದೆಯಲ್ಲಿ ಸಿಕ್ಕಿತು. ನಾವು ಅಭಿಮಾನಿಗಳು ಮುಂದೆ ನಾಲ್ಕು ವರ್ಷ ಮಾಡಿದ್ದೂ ಇದನ್ನೇ. ಬೆನ್ ಇಷ್ಟವಾದವರಿಗೆ ಅವನ ಕಣ್ಣಲ್ಲಿ ನೋವು ಕಂಡಿತು. ಆಗದವರಿಗೆ ಅದೇ ಕಣ್ಣಲ್ಲಿ ಲೆಕ್ಕಾಚಾರ ಕಂಡಿತು. ಅದೇ ಕಣ್ಣು ರೀ.

'ಮುಖ ನೋಡಿದರೆ ಗೊತ್ತಾಗುತ್ತೆ' ಅನ್ನುವವರಿಗೆ ಒಂದು ಅಂಕಿ ಹೇಳುತ್ತೇನೆ. ಬೆನ್ ಆ ಬಲೆಗೆ ಬಿದ್ದ ವರ್ಷವೇ, 2006ರಲ್ಲಿ, ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಅನ್ನುವ ಮನೋವಿಜ್ಞಾನಿಗಳು ಅದುವರೆಗಿನ 206 ವರದಿಗಳನ್ನು ಒಟ್ಟು ಹಾಕಿ ನೋಡಿದರು. 24,000ಕ್ಕೂ ಜಾಸ್ತಿ ಜನ ಬೇರೆಯವರ ಮಾತು ಕೇಳಿ, ನಿಜವೋ ಸುಳ್ಳೋ ಅಂತ ತೀರ್ಪು ಕೊಟ್ಟಿದ್ದರು. ಸರಿಯಾಗಿ ಹೇಳಿದ್ದು 100ಕ್ಕೆ 54 ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ 50 ಬರುತ್ತದೆ. ಅಂದರೆ ನಮ್ಮ 'ಮುಖ ಓದುವ' ವಿದ್ಯೆಯ ಬೆಲೆ ನಾಲ್ಕು ಅಂಕ. ಅದೂ ನಿಜವಾದ ಮನುಷ್ಯರ ವಿಷಯದಲ್ಲಿ. ಇಲ್ಲಿ ನಾವು ಓದುತ್ತಿರುವುದು ಸುಳ್ಳು ಹೇಳಲು ಸಂಬಳ ತೆಗೆದುಕೊಳ್ಳುವ ನಟನ ಮುಖ.

ಮುಖ ಬಿಟ್ಟು ಮಾತನ್ನೇ ಹಿಡಿಯೋಣ ಅಂದರೆ ಅಲ್ಲೂ ಬೆನ್ ಕೈಗೆ ಸಿಗುವುದಿಲ್ಲ. ಬಲೂನು ಎಲ್ಲಿದೆ ಅಂತ ಅವನೊಂದು ನಕ್ಷೆ ಬರೆದು ಕೊಡುತ್ತಾನೆ. ಮೂವರು ಹುಡುಕಿಕೊಂಡು ಹೋಗುತ್ತಾರೆ. ಅವರು ಆ ಕಡೆ ಹೋದ ಮೇಲೆ ಇವನು ಕಾರ್ನ್‌ಫ್ಲೇಕ್ಸ್ ಥರದ ತಿಂಡಿ ತಿನ್ನುತ್ತಾ ತಣ್ಣಗೆ ಹೇಳುತ್ತಾನೆ. ನಾನು ನಿಮ್ಮ ಶತ್ರುಗಳ ಕಡೆಯವನಾಗಿದ್ದರೆ, ಬಲೂನಿನ ನೆಪ ಹೇಳಿ ನಿಮ್ಮವರನ್ನು ದೂರದ ಜಾಗಕ್ಕೆ ಕಳಿಸುತ್ತಿದ್ದೆ, ಅಲ್ಲಿ ನನ್ನವರು ಕಾದಿದ್ದು ಹಿಡಿಯುತ್ತಿದ್ದರು, ಸದ್ಯ ನಾನು ಅಂಥವನಲ್ಲ ಅನ್ನುತ್ತಾನೆ. ಅಷ್ಟು ಹೇಳಿ, ಹಾಲು ಇದೆಯಾ ಅಂತ ಕೇಳುತ್ತಾನೆ. ಆ ಹಾಲಿನ ಪ್ರಶ್ನೆಗೆ ಫಿದಾ ಆಗದ ಅಭಿಮಾನಿಯನ್ನು ನಾನು ನೋಡಿಲ್ಲ.

ತಮಾಷೆ ಏನು ಗೊತ್ತಾ? ನಕ್ಷೆ ನಿಜ. ಹೋದವರಿಗೆ ಬಲೂನು ಸಿಕ್ಕಿತು. ಅವನು ಹೇಳಿದ ಜಾಗದಲ್ಲೇ ಗೋರಿಯೂ ಇತ್ತು. ಬೇರೆ ಯಾರಾದರೂ ಅಲ್ಲಿಗೇ ನಂಬಿಬಿಡುತ್ತಿದ್ದರು. ಸಯೀದ್ ಅಗೆದು ನೋಡಿದ. ಒಳಗಿದ್ದದ್ದು ಹೆಂಗಸಲ್ಲ, ಗಂಡಸು. ಜೊತೆಗೆ ಮಿನೆಸೋಟಾದ ಡ್ರೈವಿಂಗ್ ಲೈಸೆನ್ಸ್. ಹೆಸರು ಹೆನ್ರಿ ಗೇಲ್. ಬಲೂನು ನಿಜ, ಊರು ನಿಜ, ಗೋರಿ ನಿಜ, ಹೆಸರೂ ಒಬ್ಬರ ನಿಜವಾದ ಹೆಸರೇ. ಸುಳ್ಳಾಗಿದ್ದದ್ದು ಆ ಮಾತುಗಳನ್ನು ಆಡಿದವನು ಮಾತ್ರ.

ಇನ್ನೊಂದು ಪ್ರಸಂಗ. ನೆಲದಡಿಯ ಒಂದು ಕೋಣೆಯಲ್ಲಿ 108 ನಿಮಿಷಕ್ಕೊಮ್ಮೆ ಕಂಪ್ಯೂಟರಿಗೆ ಕೆಲವು ಸಂಖ್ಯೆ ಹಾಕಿ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅನಾಹುತ ಆಗುತ್ತದೆ ಅಂತ ಜಾನ್ ಲಾಕ್ ಅನ್ನುವವನು ನಂಬಿದ್ದಾನೆ. ಒಂದು ದಿನ ಅವನು ಕಬ್ಬಿಣದ ಬಾಗಿಲಿನಡಿ ಸಿಕ್ಕಿಕೊಳ್ಳುತ್ತಾನೆ, ಗುಂಡಿ ಒತ್ತುವ ಕೆಲಸ ಬೆನ್ ತಲೆಗೆ ಬರುತ್ತದೆ. ಬೆನ್ ಹೋಗಿ ಬಂದು, ಒತ್ತಿದೆ ಅನ್ನುತ್ತಾನೆ. ಆಮೇಲೆ ಅವನು ಶತ್ರುಗಳ ಕಡೆಯವನೇ ಅಂತ ಬಣ್ಣ ಬಯಲಾದ ಮೇಲೆ ಅದೇ ಬಾಯಲ್ಲಿ, ನಾನು ಒತ್ತಲೇ ಇಲ್ಲ, ಏನೂ ಆಗಲಿಲ್ಲ ಅನ್ನುತ್ತಾನೆ. ಕ್ಯಾಮೆರಾ ಆ ಹೊತ್ತಿನಲ್ಲಿ ಲಾಕ್ ಪಕ್ಕದಲ್ಲೇ ಇತ್ತು, ಬೆನ್ ಹಿಂದೆ ಹೋಗಲಿಲ್ಲ. ಹಾಗಾಗಿ ನಾವೂ ನೋಡಲಿಲ್ಲ. ಒತ್ತಿದನೋ ಇಲ್ಲವೋ ಅಂತ ಅಭಿಮಾನಿಗಳು ಎರಡು ಬಣವಾದರು. ಗಡಿಯಾರದ ಸದ್ದು, ಬಂದು ಹೋಗಲು ಹಿಡಿದ ಹೊತ್ತು, ಎಲ್ಲ ಲೆಕ್ಕ ಹಾಕಿದರು. ಆ ಸೀಸನ್ ಮುಗಿಯುವಾಗ ಗುಂಡಿ ಒತ್ತದೆ ಬಿಟ್ಟರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡೆವು. ಏನೂ ಆಗಲಿಲ್ಲ ಅಂದದ್ದು ಸುಳ್ಳೇ ಇರಬೇಕು.

ಈ ಜಗಳದಲ್ಲೇ ನನಗೆ ಒಂದು ವಿಷಯ ಹೊಳೆದದ್ದು. ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ತಕ್ಕಡಿಗೆ ಹಾಕುತ್ತಿದ್ದೆವು. ಅವನು ಹೇಳಿದ್ದು ನಿಜವಾ ಅನ್ನುವುದು ಒಂದು. ಅವನು ಅದನ್ನು ಯಾಕೆ ಹೇಳಿದ ಅನ್ನುವುದು ಇನ್ನೊಂದು. ಮೊದಲನೆಯದು ಗೋರಿ ಅಗೆದರೆ ಗೊತ್ತಾಗುತ್ತದೆ. ಎರಡನೆಯದು ಗೊತ್ತಾಗಬೇಕಾದರೆ ಆ ಮಾತು ಬಿದ್ದ ಕಿವಿ ಯಾವುದು ಅಂತ ನೋಡಬೇಕು. 'ಒತ್ತಲಿಲ್ಲ' ಅನ್ನುವುದನ್ನು ಬೆನ್ ಹೇಳಿದ್ದು ಲಾಕ್‌ಗೆ. ಆ ಗುಂಡಿಯೇ ತನ್ನ ಬಾಳಿನ ಅರ್ಥ ಅಂದುಕೊಂಡಿದ್ದವನಿಗೆ. ಒಂದೇ ಮಾತಿನಲ್ಲಿ ಅವನ ನಂಬಿಕೆ ಕುಸಿಯಿತು. ಗುಂಡಿಯ ವಿಷಯ ಪಕ್ಕಕ್ಕಿಡಿ. ಬೆನ್ ಉದ್ದೇಶ ಕೇಳಿದವನ ಮುಖದಲ್ಲೇ ಬರೆದಿತ್ತು.

ಈ ಅಳತೆಗೋಲು ಹಿಡಿದುಕೊಂಡು ನಾಲ್ಕನೇ ಸೀಸನ್ನಿಗೆ ಬನ್ನಿ. 2008ರ ಏಪ್ರಿಲ್. ಬರಹಗಾರರ ಮುಷ್ಕರದಿಂದಾಗಿ ಆ ಸೀಸನ್ ಚಿಕ್ಕದಾಗಿತ್ತು. ನಡುವೆ ಐದು ವಾರ ಬಿಟ್ಟು ಬಂದ ಕಂತು ಇದು. ಬೆನ್ ಮನೆಯೊಳಗೆ. ಹೊರಗೆ ಕೀಮಿ ಅನ್ನುವ ಬಾಡಿಗೆ ಸೈನಿಕ ಬೆನ್‌ನ ಮಗಳು ಅಲೆಕ್ಸಳನ್ನು ಮಂಡಿ ಊರಿಸಿ ಕೂರಿಸಿದ್ದಾನೆ, ತಲೆಗೆ ಬಂದೂಕು. ಹೊರಗೆ ಬಾ, ಇಲ್ಲದಿದ್ದರೆ ಕೊಲ್ಲುತ್ತೇನೆ ಅನ್ನುತ್ತಾನೆ. ಬೆನ್ ವಾಕಿಟಾಕಿಯಲ್ಲಿ ಉತ್ತರ ಕೊಡುತ್ತಾನೆ. ಅವಳು ನನ್ನ ಮಗಳೇ ಅಲ್ಲ. ಒಬ್ಬ ಹುಚ್ಚು ಹೆಂಗಸಿನಿಂದ ಕೂಸಾಗಿದ್ದಾಗ ಕದ್ದು ತಂದವಳು. ನನಗೆ ಅವಳು ಏನೂ ಅಲ್ಲ. ಕೀಮಿ ಗುಂಡು ಹಾರಿಸುತ್ತಾನೆ.

ಈಗ ಲೆಕ್ಕ ಹಾಕಿ. ಮಗಳಲ್ಲ ಅನ್ನುವುದು ನಿಜ. ಕದ್ದು ತಂದದ್ದೂ ನಿಜ. ಬೆನ್ ಇಡೀ ಧಾರಾವಾಹಿಯಲ್ಲಿ ಇಷ್ಟು ನೇರವಾಗಿ ನಿಜ ಹೇಳಿದ್ದು ತೀರಾ ಕಮ್ಮಿ. ಕೊನೆಯ ಸಾಲು ಮಾತ್ರ ಸುಳ್ಳು, ಅದೂ ಅವಳನ್ನು ಉಳಿಸಲು ಹೇಳಿದ ಸುಳ್ಳು. ಕೀಮಿ ನಂಬಿದರೆ ಹುಡುಗಿಗೆ ಬೆಲೆ ಇಲ್ಲ ಅಂತ ಬಿಟ್ಟುಬಿಡುತ್ತಾನೆ ಅನ್ನುವುದು ಆಟ. ನನ್ನ ಪಾಳಯದವರ ವಾದ ಇದು. ಎದುರು ಪಾಳಯ ಕೇಳಿತು: ಅಷ್ಟು ಪ್ರೀತಿ ಇದ್ದವನು ಹೊರಗೆ ಯಾಕೆ ಬರಲಿಲ್ಲ? ಇದಕ್ಕೆ ನಮ್ಮ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಜೊತೆಗೆ ನಾವು ಒಂದು ಕಿವಿಯನ್ನು ಮರೆತೇಬಿಟ್ಟಿದ್ದೆವು. ಆ ಮಾತು ಕೀಮಿಗೆ ಅಂತ ಆಡಿದ್ದು ಹೌದು. ಕೇಳಿದ್ದು ಅಲೆಕ್ಸ್ ಕೂಡ. ಅವಳು ಕೇಳಿದ ಕಡೆಯ ಮಾತು ಅದು. ಅದು ಆಟ ಅಂತ ಅವಳಿಗೆ ಹೇಳುವವರು ಯಾರು?

ಎರಡು ವರ್ಷ ಆದ ಮೇಲೆ, 2010ರ ಮಾರ್ಚಿನ ಒಂದು ಕಂತಿನಲ್ಲಿ, ಬೆನ್ ಈ ಪ್ರಶ್ನೆಗೆ ತಾನೇ ಉತ್ತರ ಕೊಟ್ಟ. ಜೇಕಬ್ ಅನ್ನುವ ದ್ವೀಪದ ಒಡೆಯನನ್ನು ಕೊಂದದ್ದಕ್ಕೆ ಇಲಾನಾ ಅನ್ನುವವಳು ಅವನ ಕೈಯಲ್ಲೇ ಅವನ ಗೋರಿ ತೋಡಿಸುತ್ತಿರುತ್ತಾಳೆ. ಹೆಂಡತಿಯನ್ನು ಹೂಳಿದೆ ಅಂತ ಕಥೆ ಕಟ್ಟಿದವನು ಈಗ ನಿಜವಾಗಿ ಮಣ್ಣು ಎತ್ತಿ ಹಾಕುತ್ತಿದ್ದಾನೆ. ಸಯೀದ್ ಅಲ್ಲಿ ಇದ್ದಿದ್ದರೆ ಎಣಿಸುತ್ತಿದ್ದ. ಬೆನ್ ತಪ್ಪಿಸಿಕೊಂಡು ಓಡುತ್ತಾನೆ. ಬಂದೂಕು ಸಿಗುತ್ತದೆ. ಹಿಂದೆ ಬಂದ ಇಲಾನಾಗೆ ಗುರಿ ಇಟ್ಟು ನಿಲ್ಲುತ್ತಾನೆ. ಸುಮ್ನೆ ಹೋಗಬಹುದಿತ್ತು. ಹೋಗದೆ ಹೇಳುತ್ತಾನೆ: ಮಗಳನ್ನು ಉಳಿಸುವ ಅವಕಾಶ ನನಗಿತ್ತು, ನಾನು ದ್ವೀಪವನ್ನು ಆರಿಸಿಕೊಂಡೆ.

ಅಂದರೆ ಎದುರು ಪಾಳಯವೇ ಗೆದ್ದಿತಾ? ನನಗೆ ಹಾಗೆ ಅನ್ನಿಸಲಿಲ್ಲ. ಎರಡು ವರ್ಷದ ಹಿಂದೆ ಆ ಕಿಟಕಿಯ ಹತ್ತಿರ ನಿಂತಾಗ ಅವನು ಆಟ ಆಡುತ್ತಿದ್ದ, ಮಗಳು ಉಳಿಯುತ್ತಾಳೆ ಅಂತಲೇ ನಂಬಿದ್ದ. ಆಟ ಸೋತ ಮೇಲೆ ಅದನ್ನೇ 'ಆರಿಸಿಕೊಂಡೆ' ಅಂತ ಕರೆದ. ನಾವೂ ಹಾಗೇ ಮಾಡುತ್ತೇವೆ. ಆ ಹೊತ್ತಿನಲ್ಲಿ ಇದ್ದ ಗೊಂದಲ ಆಮೇಲೆ ನೆನಪಿರುವುದಿಲ್ಲ, ಆದದ್ದನ್ನು ನೋಡಿ ಉದ್ದೇಶ ಬರೆದುಕೊಳ್ಳುತ್ತೇವೆ. ಆದರೆ ಒಂದು ಒಪ್ಪುತ್ತೇನೆ. ಬಂದೂಕು ಅವನ ಕೈಯಲ್ಲೇ ಇತ್ತು. ಆ ತಪ್ಪೊಪ್ಪಿಗೆಯಿಂದ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಬೆನ್ ಕಥೆಗೆ ಮತ್ತೆ ಬರುತ್ತೇನೆ. ನಡುವೆ ಇನ್ನೊಬ್ಬ ಸುಳ್ಳುಗಾರ ಬೇಕು. 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿಯ ವಾಲ್ಟರ್ ವೈಟ್. ಕೆಮಿಸ್ಟ್ರಿ ಮೇಷ್ಟ್ರು, ಕ್ಯಾನ್ಸರ್ ಬಂತು ಅಂತ ಮಾದಕ ವಸ್ತು ತಯಾರಿಸಲು ಇಳಿದವನು. ಐದು ಸೀಸನ್ ಉದ್ದಕ್ಕೂ ಅವನದು ಒಂದೇ ಪಲ್ಲವಿ, ಮನೆಯವರಿಗಾಗಿ ಮಾಡುತ್ತಿದ್ದೇನೆ ಅಂತ. 2013ರ ಸೆಪ್ಟೆಂಬರಿನಲ್ಲಿ, ಕೊನೆಯ ಕಂತುಗಳಲ್ಲಿ, ಅವನು ಹೆಂಡತಿ ಸ್ಕೈಲರ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಾನೆ. ನೀನೊಂದು ಕೆಲಸಕ್ಕೆ ಬಾರದವಳು, ಎಲ್ಲ ನಾನೊಬ್ಬನೇ ಕಟ್ಟಿದ್ದು ಅಂತ. ಆ ಕಡೆ ಸ್ಕೈಲರ್ ಪಕ್ಕದಲ್ಲಿ ಪೊಲೀಸರು ಕೂತು ಕೇಳುತ್ತಿದ್ದಾರೆ. ಅದು ಅವನಿಗೂ ಗೊತ್ತು. ಅವಳಿಗೆ ಇದರಲ್ಲಿ ಪಾಲಿಲ್ಲ ಅಂತ ಪೊಲೀಸರ ಕಿವಿಗೆ ಬೀಳಲಿ ಅನ್ನುವುದಕ್ಕೇ ಬೈಯುತ್ತಿದ್ದಾನೆ. ಕ್ಯಾಮೆರಾ ಅವನ ಮುಖ ತೋರಿಸುತ್ತದೆ. ಅಳುತ್ತಿದ್ದಾನೆ.

ಕಿವಿಯ ಲೆಕ್ಕದಲ್ಲಿ ಇದು ಸುಲಭದ ಪ್ರಸಂಗ ಅಂದುಕೊಂಡಿದ್ದೆ. ಆದರೆ ನೋಡಿದವರಲ್ಲಿ ಒಂದು ಗುಂಪು, ಇದು ತ್ಯಾಗ ಅಂದಿತು. ಇನ್ನೊಂದು ಗುಂಪು, ಆ ಬೈಗುಳ ಅಷ್ಟು ಸಲೀಸಾಗಿ ಬಂದದ್ದು ಹೇಗೆ, ಒಳಗೆ ಇದ್ದದ್ದೇ ಹೊರಗೆ ಬಂತು ಅಂದಿತು. ಈ ಎರಡನೇ ಮಾತನ್ನು ನಾನು ತಳ್ಳಿಹಾಕಲಾರೆ. ನಾಟಕದ ನೆಪ ಸಿಕ್ಕಾಗ ಮನುಷ್ಯ ನಿಜವನ್ನೇ ಜೋರಾಗಿ ಹೇಳಿಬಿಡಬಹುದು. ಮೂರನೇ ಗುಂಪು ಒಂದಿತ್ತು, ಅದರ ಬಗ್ಗೆ ಮಾತಾಡಲು ಬೇಜಾರು. ಅವರಿಗೆ ಆ ಬೈಗುಳ ಇಷ್ಟವಾಗಿತ್ತು. ಸರಿಯಾಗಿ ಹೇಳಿದ ಅಂದರು.

ಸ್ಕೈಲರ್ ಮಾಡಿದ ತಪ್ಪೇನು? ಗಂಡನ ಸುಳ್ಳುಗಳನ್ನು ಒಂದೊಂದಾಗಿ ಕಂಡುಹಿಡಿದಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ಸುಳ್ಳು ಹೇಳಿದವನು ಹೀರೋ ಆದ, ಕೇಳಿದವಳು ಪೀಡೆಯಾದಳು. ಆ ಪಾತ್ರ ಮಾಡಿದ ಅನಾ ಗನ್ 2013ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಒಂದು ಲೇಖನ ಬರೆದರು. ಪಾತ್ರದ ಮೇಲಿನ ದ್ವೇಷ ತಮ್ಮ ಮೇಲೇ ಬಂದಿದೆ, ಕೊಲ್ಲುವ ಮಾತೂ ಆಡುತ್ತಿದ್ದಾರೆ ಅಂತ. ಅದೇ ಪಾತ್ರಕ್ಕೆ ಆ ವರ್ಷವೂ ಮುಂದಿನ ವರ್ಷವೂ ಅವರಿಗೆ ಎಮ್ಮಿ ಪ್ರಶಸ್ತಿ ಬಂತು ಅನ್ನುವುದು ಬೇರೆ ಮಾತು.

ನಟಿಗೂ ಪಾತ್ರಕ್ಕೂ ವ್ಯತ್ಯಾಸ ಗೊತ್ತಿಲ್ಲದ ದಡ್ಡರು ಅಂತ ಅವರನ್ನು ಬದಿಗಿಡುವುದು ಸುಲಭ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಒಂದು ಪ್ರಯೋಗ ಮಾಡಿದ್ದರು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರ ಮತ್ತು ವಿರೋಧ ಬರೆದ ಪ್ರಬಂಧಗಳನ್ನು ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವರಿಗೆ, ಇದನ್ನು ಬರೆದವರಿಗೆ ಆಯ್ಕೆಯೇ ಇರಲಿಲ್ಲ, ಯಾವ ಕಡೆ ಬರೆಯಬೇಕು ಅಂತ ಹೇಳಿಯೇ ಬರೆಸಿದ್ದು ಅಂತ ಮೊದಲೇ ತಿಳಿಸಿದರು. ಆದರೂ ಓದಿದವರಿಗೆ, ಪರವಾಗಿ ಬರೆದವರು ಒಳಗೂ ಸ್ವಲ್ಪ ಪರವಾಗಿಯೇ ಇದ್ದಾರೆ ಅನ್ನಿಸಿತು. ಬರೆಸಿದ ಮಾತು ಅಂತ ಗೊತ್ತಿದ್ದೂ ಅದರ ಹಿಂದೆ ಮನಸ್ಸು ಹುಡುಕುತ್ತೇವೆ. ಧಾರಾವಾಹಿ ನೋಡುವುದು ಅಂದರೆ ವಾರಕ್ಕೊಂದು ಸಲ ಈ ಪ್ರಯೋಗಕ್ಕೆ ಕೂತ ಹಾಗೆ.

ಇಲ್ಲಿ ಯಾರಾದರೂ ಎದ್ದು ನಿಂತು, ಇಲ್ಲದ ಮನುಷ್ಯನ ಒಳಮನಸ್ಸು ಹುಡುಕುವುದೇ ಮೂರ್ಖತನ ಅಲ್ವಾ ಅಂತ ಕೇಳಬಹುದು. ಹಳೆಯ ಪ್ರಶ್ನೆ. 1933ರಲ್ಲಿ ಇಂಗ್ಲೆಂಡಿನ ವಿಮರ್ಶಕ ಎಲ್. ಸಿ. ನೈಟ್ಸ್, ಶೇಕ್ಸ್‌ಪಿಯರ್ ನಾಟಕದ ಲೇಡಿ ಮ್ಯಾಕ್‌ಬೆತ್‌ಗೆ ಮಕ್ಕಳೆಷ್ಟು ಅನ್ನುವ ಅರ್ಥದ ತಲೆಬರಹ ಕೊಟ್ಟು ಒಂದು ಪ್ರಬಂಧ ಬರೆದರು. ಪಾತ್ರಗಳನ್ನು ನೆರೆಮನೆಯವರ ಹಾಗೆ ನೋಡುವವರನ್ನು ಕಿಚಾಯಿಸಲು ಇಟ್ಟ ತಲೆಬರಹ ಅದು. ಅವರ ಮಾತಿನಲ್ಲಿ ಹುರುಳಿದೆ. ಬೆನ್ ಪಾತ್ರ ಮಾಡಿದ ಮೈಕೆಲ್ ಎಮರ್ಸನ್ ಅವರನ್ನು ಮೊದಲು ಕರೆಸಿದ್ದು ಮೂರು ಕಂತುಗಳಿಗೆ. ಅವರ ನಟನೆ ನೋಡಿ ಪಾತ್ರ ಬೆಳೆಸಿದರು, 2009ರಲ್ಲಿ ಅದಕ್ಕೇ ಅವರಿಗೆ ಎಮ್ಮಿ ಬಂತು. ಹಾಗಾದರೆ ಆ ಹಾಲಿನ ಪ್ರಶ್ನೆ ಕೇಳಿದಾಗ ಬೆನ್ ಮನಸ್ಸಿನಲ್ಲಿ ಅಲೆಕ್ಸ್ ಇದ್ದಳಾ? ಬರಹಗಾರರ ಮನಸ್ಸಿನಲ್ಲೇ ಇನ್ನೂ ಇದ್ದಳೋ ಇಲ್ಲವೋ! ನಾವು ಮಾತ್ರ ಎರಡನೇ ಸಲ ನೋಡುವಾಗ ಅವಳನ್ನು ಅಲ್ಲಿ ಕಾಣುತ್ತೇವೆ.

ಆದರೆ ನೈಟ್ಸ್ ಅವರಿಗೆ ನಾನೊಂದು ಮಾತು ಹೇಳುತ್ತಿದ್ದೆ. ಸ್ವಾಮೀ, ನಿಜವಾದ ಮನುಷ್ಯರ ಒಳಗೂ ನಮಗೆ ಪ್ರವೇಶ ಇಲ್ಲ. ಪಕ್ಕದಲ್ಲಿ ಕೂತವರ ವಿಷಯದಲ್ಲೂ ನಮ್ಮ ಹತ್ತಿರ ಇರುವುದು ಅವರ ಮಾತು, ಮುಖ, ಆಮೇಲೆ ಏನಾಯಿತು ಅನ್ನುವುದು, ಇಷ್ಟೇ. ಬೆನ್ ವಿಷಯದಲ್ಲಿ ಒಂದು ಅನುಕೂಲ ಜಾಸ್ತಿ ಇದೆ. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಬಹುದು.

ಈಗ ನನ್ನ ಮತ್ತು ನನ್ನ ಗೆಳೆಯನ ಜಗಳಕ್ಕೆ ಬರೋಣ. 2009ರ ಫೆಬ್ರವರಿಯ ಕಂತು. ಲಾಸ್ ಏಂಜಲೀಸಿನ ಒಂದು ಹೋಟೆಲ್ ರೂಮು. ಎಲ್ಲದರಲ್ಲೂ ಸೋತ ಜಾನ್ ಲಾಕ್ ಕುತ್ತಿಗೆಗೆ ಕುಣಿಕೆ ಹಾಕಿಕೊಂಡು ನಿಂತಿದ್ದಾನೆ. ಬೆನ್ ಬಾಗಿಲು ಒಡೆದು ಬರುತ್ತಾನೆ. ಬೇಡ ಅಂತ ಅಂಗಲಾಚುತ್ತಾನೆ, ಮುಂದೆ ಮಂಡಿ ಊರುತ್ತಾನೆ, ನಿನಗೆ ಇನ್ನೂ ಮಾಡುವ ಕೆಲಸ ಇದೆ ಅನ್ನುತ್ತಾನೆ. ಲಾಕ್ ಕೆಳಗೆ ಇಳಿಯುತ್ತಾನೆ. ಸಮಾಧಾನವಾಗಿ ಮಾತಾಡುತ್ತಾ, ವಿಮಾನದಲ್ಲಿ ಜೊತೆಗಿದ್ದ ಜಿನ್ ಬದುಕಿದ್ದಾನೆ ಅನ್ನುತ್ತಾನೆ. ಆಮೇಲೆ ದ್ವೀಪಕ್ಕೆ ವಾಪಸ್ ಹೋಗುವ ದಾರಿ ಗೊತ್ತಿದ್ದ ಎಲೊಯಿಸ್ ಹಾಕಿಂಗ್ ಅನ್ನುವ ಹೆಂಗಸಿನ ಹೆಸರು ಹೇಳುತ್ತಾನೆ. ಆ ಹೆಸರು ಕೇಳಿದ್ದೇ ಬೆನ್ ಅದೇ ಕುಣಿಕೆಯಿಂದ ಅವನ ಕುತ್ತಿಗೆ ಬಿಗಿದು ಕೊಲ್ಲುತ್ತಾನೆ. ಕೋಣೆ ಒರೆಸಿ, ಆತ್ಮಹತ್ಯೆ ಅಂತ ಕಾಣುವ ಹಾಗೆ ಹೆಣವನ್ನು ನೇತುಹಾಕಿ ಹೊರಡುತ್ತಾನೆ. ಬಾಗಿಲ ಹತ್ತಿರ ನಿಂತು ಹೆಣದ ಕಡೆ ನೋಡಿ, ನಿನ್ನ ನೆನಪು ಕಾಡುತ್ತೆ ಜಾನ್, ನಿಜವಾಗಿಯೂ ಅನ್ನುತ್ತಾನೆ.

ಗೆಳೆಯನ ಪ್ರಕಾರ ಎಲ್ಲವೂ ಮೊದಲಿನಿಂದ ಹೂಡಿದ ಆಟ. ಉಳಿಸಿದ್ದು ಬಾಯಿ ಬಿಡಿಸಲು, ಬೇಕಾದ ಹೆಸರು ಸಿಕ್ಕಿತು, ಕೊಂದ. ಕೊನೆಯ ಸಾಲು ಕುಹಕ. ನನ್ನ ಪ್ರಕಾರ ಬಾಗಿಲು ಒಡೆದಾಗ ಅವನು ಉಳಿಸಲೇ ಬಂದಿದ್ದ. ನಡುವೆ ಮನಸ್ಸು ತಿರುಗಿತು. ನನ್ನ ತುರುಪಿನ ಎಲೆ ಆ ಕೊನೆಯ ಸಾಲೇ. ಕೇಳಿಸಿಕೊಳ್ಳಲು ಅಲ್ಲಿ ಯಾರಿದ್ದಾರೆ? ಮೋಸ ಮಾಡಲು ಒಂದು ಕಿವಿಯಾದರೂ ಬೇಕಲ್ಲ? ಗೆಳೆಯ ತಟ್ಟನೆ ಅಂದ: 'ನಿನ್ನ ಕಿವಿ ಇತ್ತಲ್ಲ.'

ಮಾತು ಬಿಟ್ಟದ್ದು ಆಗಲೇ. ಕೋಪಕ್ಕಿಂತ ಉತ್ತರ ಇಲ್ಲದ್ದಕ್ಕೆ.

2010ರ ಮೇ 23ರಂದು ಕೊನೆಯ ಕಂತು ಬಂತು. ಎಲ್ಲರೂ ಸತ್ತ ಮೇಲಿನ ಒಂದು ಜಾಗ, ಒಂದು ಚರ್ಚು. ಬೆನ್ ಹೊರಗೆ ಕೂತಿದ್ದಾನೆ. ಲಾಕ್ ಬರುತ್ತಾನೆ. ಬೆನ್ ಕ್ಷಮೆ ಕೇಳುತ್ತಾನೆ. ನಾನು ಸ್ವಾರ್ಥಿ, ನನಗೆ ಹೊಟ್ಟೆಕಿಚ್ಚು ಇತ್ತು, ನಿನ್ನ ಹತ್ತಿರ ಇದ್ದದ್ದೆಲ್ಲ ನನಗೆ ಬೇಕಿತ್ತು ಅನ್ನುತ್ತಾನೆ. ನನ್ನ ಹತ್ತಿರ ಏನಿತ್ತು ಅಂತ ಲಾಕ್ ಕೇಳುತ್ತಾನೆ. ನೀನು ವಿಶೇಷದವನಾಗಿದ್ದೆ ಜಾನ್, ನಾನು ಆಗಿರಲಿಲ್ಲ. ಲಾಕ್ ಕ್ಷಮಿಸಿ ಒಳಗೆ ಹೋಗುತ್ತಾನೆ. ಬೆನ್ ಒಳಗೆ ಹೋಗುವುದಿಲ್ಲ. ಅಲ್ಲೇ ಬೆಂಚಿನ ಮೇಲೆ ಉಳಿಯುತ್ತಾನೆ.

ನಾನು ಗೆಳೆಯನಿಗೆ ಫೋನ್ ಮಾಡಿದೆ. ನೋಡು, ಈ ಸಲ ಕೇಳಿಸಿಕೊಂಡದ್ದು ಯಾರನ್ನು ಕೊಂದನೋ ಅವನೇ, ಇಬ್ಬರೂ ಸತ್ತಿದ್ದಾರೆ, ದ್ವೀಪ ಇಲ್ಲ, ಅಧಿಕಾರ ಇಲ್ಲ, ಗಳಿಸಲು ಏನೂ ಇಲ್ಲ, ಇದನ್ನಾದರೂ ನಂಬುತ್ತೀಯಾ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಹೊಟ್ಟೆಕಿಚ್ಚು ಅನ್ನುವುದನ್ನು ನಂಬುತ್ತೇನೆ ಅಂದ. ಹಾಗಾದರೆ ಹೋಟೆಲ್ ರೂಮಿನ ಸಾಲು ಅಂದೆ. ಅದು ಬೇರೆ ಅಂದ. ಮತ್ತೆ ಶುರುವಾಯಿತು.

ಪ್ರಶ್ನೆಗಳಿದ್ದರೆ ಕೇಳಿ. ಅಗೋ, ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿಕೊಂಡಿದ್ದಾರಲ್ಲ, ಮೊದಲು ಅವರಿಗೆ ಮೈಕ್ ಕೊಡಿ. ಅವನೇ ಆ ಗೆಳೆಯ.